ಕುನೋನ ತಟ್ಟೆ

ಕಾಸೆಲ್,
೨ ಡಿಸೆಂಬರ್ ೧೯೪೭

ಲೋಥಾರ್,

‘ಪ್ರಿಯ’ ಎಂದು ಬರೆಯಲು ಕೈ ಬರಲಿಲ್ಲ. ಹಾಗೆಂದು ನಿನ್ನ ಚಿಂತೆ ಇಲ್ಲವೆಂದಲ್ಲ. ಸೆರೆಶಿಬಿರದಲ್ಲಿ ಚಳಿ ಹೇಗಿದೆ? ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ನಮ್ಮ ಮಗ ಕುನೋಗೆಂದು ಹೆಣೆದಿದ್ದವು.

ನಾತ್ಸಿ ಅಧಿಕಾರಿಯಾಗಿದ್ದರೂ ನೀನು ಯಾರಿಗೂ ಕೇಡು ಮಾಡಲಿಲ್ಲ, ಬರೀ ರೇಡಿಯೊದಲ್ಲಿ ಮಾತಾಡಿದೆ ಎಂದು ನಾನು ಸಾಕ್ಷಿ ಬರೆದುಕೊಟ್ಟರೆ ಬೇಗ ಬಿಡುತ್ತಾರೆ ಎಂದಿದ್ದೀಯ. ಇಲ್ಲಿ ಈಗ ಎಲ್ಲರೂ ಎಲ್ಲರಿಗೂ ಅಂಥ ಸಾಕ್ಷಿ ಬರೆದುಕೊಡುತ್ತಿದ್ದಾರೆ. ನಮ್ಮ ಪಾದ್ರಿಗಳಂತೂ ಬರೆದೂ ಬರೆದೂ ಬೇಸತ್ತು ನಿನ್ನೆ ಗೊಣಗಿದರು: “ಈ ಊರಲ್ಲಿ ಒಬ್ಬನಾದ್ರೂ ನಾತ್ಸಿ ಇದ್ನೇನಮ್ಮ?” ನಗು ಬಂತು, ಆಮೇಲೆ ಅಳು ಬಂತು.

ಬರೀ ಮಾತಂತೆ! ಎದುರುಮನೆಯ ಲೆವಿನ್‌ಸನ್ ದಂಪತಿಯಂಥ ಯೆಹೂದಿಗಳು ತೊಲಗಿದರೆ ದೇಶಕ್ಕೆ ಒಳ್ಳೆಯದೆಂದು ದಿನವೂ ಹೇಳಿದ್ದು ನಿನ್ನ ದನಿ. ಅವರನ್ನು ಎಳೆದೊಯ್ದ ದಿನ ನಾವೆಲ್ಲ ಪರದೆ ಎಳೆದುಕೊಂಡು ಕೂತೆವು. ಇಬ್ಬರೂ ಹಿಂತಿರುಗಲಿಲ್ಲ.

ಇನ್ನು ಕುನೋ. ರಷ್ಯಾದ ರಣರಂಗಕ್ಕೆ ಹೋದಾಗ ನೀನು ಅಲ್ಲಿ ಸೈನಿಕನಾಗಿದ್ದ ಅವನ ದನಿಯನ್ನು ಮುದ್ರಿಸಿಕೊಂಡು ಬಂದೆ. ನಲವತ್ತೆರಡರ ನವೆಂಬರಿನಲ್ಲಿ ಅವನು ಸತ್ತ. ಸುದ್ದಿ ಮೊದಲು ಮುಟ್ಟಿದ್ದು ನಿನಗೆ. ಆದರೂ ಕ್ರಿಸ್‌ಮಸ್ ಸಂಜೆ ‘ಈಗ ರಣರಂಗದಿಂದ ನೇರವಾಗಿ’ ಎಂದು ರೇಡಿಯೊದಲ್ಲಿ ಅದನ್ನೇ ಕೇಳಿಸಿದೆ: “ಅಜ್ಜೀ, ನಂಗೂ ಆಲೂಗಡ್ಡೆ ಸಲಾಡ್ ಎತ್ತಿಡು!” ನಿನ್ನ ಅಮ್ಮ ಅಲ್ಲೇ ಎದ್ದು ಅವನಿಗೊಂದು ತಟ್ಟೆ ಇಟ್ಟರು. ಜನರ ಧೈರ್ಯ ಕುಂದಬಾರದೆಂದು ಹಾಗೆ ಮಾಡಿದೆ ಎಂದು ಆಮೇಲೆ ನನಗೆ ಹೇಳಿದೆ.

ಜನವರಿಯಲ್ಲಿ ಸಾವಿನ ಕಾಗದ ಬಂತು. ಅದರ ದಿನಾಂಕ ಕೇಳಿದ್ದೇ ಅಮ್ಮ ಸಿಡುಕಿದರು: “ಕ್ರಿಸ್‌ಮಸ್‌ಗೆ ಮಾತಾಡಿದ ಹುಡ್ಗ ನವೆಂಬರಲ್ಲಿ ಹೆಂಗೆ ಸಾಯ್ತಾನೆ? ಯಾವನೋ ಗುಮಾಸ್ತ ತಪ್ಪು ಬರ್ದಿದಾನೆ. ನನ್ ಮಗ ಸುಳ್ಳು ಹೇಳ್ತಾನಾ?”

ಐದು ವರ್ಷವಾಯಿತು. ಹೊಟ್ಟೆಗೆ ಸಾಲದ ಈ ದಿನಗಳಲ್ಲೂ ಹಬ್ಬದಂದು ತಮ್ಮ ಪಾಲಿನ ಆಲೂಗಡ್ಡೆಯನ್ನು ಆ ತಟ್ಟೆಗೆ ಬಡಿಸುತ್ತಾರೆ. ನಾನು ಎಷ್ಟು ಹೇಳಿದರೂ ನಂಬುವುದಿಲ್ಲ. ಹೆತ್ತ ಮಗನಿಗಾಗಿ ಈ ಮನೆಯಲ್ಲಿ ಬಾಯಿಬಿಟ್ಟು ಅಳಲು ಕೂಡ ನನಗೆ ಆಗಿಲ್ಲ, ಲೋಥಾರ್.

ಮೊದಲು ಅಮ್ಮನಿಗೆ ನಿನ್ನ ಕೈಯಾರೆ ನಿಜ ಬರೆ. ಆಮೇಲೆ ನಾನೂ ಸಾಕ್ಷಿ ಬರೆಯುತ್ತೇನೆ, ನೀನು ಒಮ್ಮೆ ನಿಜ ಹೇಳಿದೆ ಎಂದು. ಅದಕ್ಕಿಂತ ಹೆಚ್ಚು ಬರೆಯಲಾರೆ.

ಕುನೋನ ತಾಯಿ,
ಹೆಡ್ವಿಗ್

ತಾ.ಕ.: ಅಮ್ಮ ಈಗಷ್ಟೇ ಬಂದು, “ಲೋಥಾರ್‌ಗಾ? ಈ ಹಬ್ಬಕ್ಕೂ ನಮ್ ಕುನೋ ಮಾತು ಹಾಕ್ಸು ಅಂತ ಬರಿಯೇ” ಎಂದರು. “ಬರ್ದಿದೀನಿ ಅತ್ತೆ” ಎಂದೆ. ಅವರ ಮುಖ ಅರಳಿತು. ನೋಡು, ನಿನ್ನ ಕೆಲಸವನ್ನು ಈಗ ನಾನು ಮಾಡುತ್ತಿದ್ದೇನೆ.