ಮೂರನೇ ತರಗತಿಯ ಬದಲಿ ಟೀಚರ್

ಅಡುಗೆಮನೆಯ ಮೇಜಿನಿಂದ,
ಗುರುವಾರ, ಹದಿನಾಲ್ಕನೇ ತಾರೀಖು, ಸಂಜೆ

ಪ್ರೀತಿಯ ಗುಂಡಾ,

ಹೇಗಿದ್ದೀಯಪ್ಪ? ಆರೋಗ್ಯ ತಾನೇ? ಚಳಿ ಶುರುವಾಯಿತೆಂದರೆ ನಿನಗೆ ಗಂಟಲು ಕಟ್ಟುತ್ತಿತ್ತು, ಈಗಲೂ ಹಾಗೆಯೇ ಏನೋ. ನಿನ್ನ ಹೆಂಡತಿಯೂ ಚೆನ್ನಾಗಿದ್ದಾಳೆ ಎಂದುಕೊಂಡಿದ್ದೇನೆ. ಒಂಬತ್ತು ವರ್ಷ ಒಂದು ಮಾತೂ ಆಡದ ಅಮ್ಮ ಇದ್ದಕ್ಕಿದ್ದಂತೆ ಗಂಟಲಿನ ವಿಷಯ ಕೇಳುತ್ತಿದ್ದಾಳಲ್ಲ ಎಂದು ನಿನಗೆ ನಗು ಬರಬಹುದು, ಸಿಟ್ಟೂ ಬರಬಹುದು. ಎರಡೂ ಬರಲಿ, ಕಾಗದ ಮಾತ್ರ ಅರ್ಧಕ್ಕೆ ಮಡಿಸಿಡಬೇಡ. ಇಲ್ಲಿ ನಾವಿಬ್ಬರೂ ಕ್ಷೇಮ. ನನ್ನ ಎಡ ಮಂಡಿ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ, ಅಷ್ಟೇ. ನಿನ್ನ ಅಪ್ಪ ಬಸ್ ಓಡಿಸುವುದು ಬಿಟ್ಟು ಆರು ವರ್ಷವಾಯಿತು. ಆದರೂ ಯಾರ ಗಾಡಿಯಲ್ಲಿ ಕೂತರೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇರುತ್ತದೆ. ಫೋನ್ ಮಾಡಬಹುದಿತ್ತು, ನಿಜ. ಆದರೆ ಫೋನ್ ಹಿಡಿದರೆ ನನ್ನ ದನಿ ತಾನಾಗಿಯೇ ತರಗತಿಯ ದನಿಯಾಗಿಬಿಡುತ್ತದೆ. ಆ ದನಿ ನಿನಗೆ ಯಾವತ್ತೋ ಸಾಕಾಗಿದೆ ಎಂದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಿವೃತ್ತಿಯಾದ ಮೇಲೆ ಒಂದು ವರ್ಷ ಮನೆಯಲ್ಲಿ ಕೂತೆ. ಕೂತೆ ಅನ್ನುವುದು ಬರೀ ಮಾತಿಗೆ. ಗಟ್ಟಿಯಾಗಿಯೇ ಇದ್ದ ಗುಂಡಿಗಳನ್ನು ಬಿಚ್ಚಿ ಮತ್ತೆ ಹೊಲಿದೆ, ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದೆ, ಪೇಪರ್ ಹಾಕುವವನ ಬಿಲ್ಲಿನ ಕಾಗುಣಿತ ತಿದ್ದಿದೆ. ಕೊನೆಗೆ ನಿನ್ನ ಅಪ್ಪ ಕೈಮುಗಿದು, 'ಎಲ್ಲಾದ್ರೂ ಹೋಗಿ ಯಾರಿಗಾದ್ರೂ ಪಾಠ ಮಾಡು ತಾಯಿ, ನನ್ನ ಬಿಟ್ಬಿಡು' ಅಂದರು. ಹಾಗಾಗಿ ಬದಲಿ ಟೀಚರ್‌ಗಳ ಪಟ್ಟಿಯಲ್ಲಿ ಹೆಸರು ಬರೆಸಿದೆ. ಈ ಊರಿನಲ್ಲಿ ಸರ್ಕಾರಿ ಶಾಲೆಗಳೇ ಮುನ್ನೂರಕ್ಕೂ ಹೆಚ್ಚು, ಎಲ್ಲಕ್ಕೂ ಒಂದೇ ಕಚೇರಿ. ಎಲ್ಲೋ ಒಬ್ಬ ಮೇಷ್ಟ್ರಿಗೆ ಜ್ವರ ಬಂದರೆ, ಇನ್ನೆಲ್ಲೋ ಒಬ್ಬ ಟೀಚರ್ ಕಾಲು ಉಳುಕಿಸಿಕೊಂಡರೆ, ಬೆಳಿಗ್ಗೆ ಆರು ಗಂಟೆಗೆ ಆ ಕಚೇರಿಯ ಗುಮಾಸ್ತೆ ನನಗೆ ಫೋನ್ ಮಾಡುತ್ತಾಳೆ. ಶಾಲೆ ಯಾವುದು, ತರಗತಿ ಯಾವುದು, ಯಾವ ಬಸ್ಸು, ಇಷ್ಟು ಹೇಳಿ ಇಟ್ಟುಬಿಡುತ್ತಾಳೆ. ಮೂರು ವರ್ಷದಲ್ಲಿ ಅವಳ ಮುಖ ನೋಡಿಲ್ಲ, ಆದರೆ ಅವಳಿಗೆ ನೆಗಡಿಯಾದರೆ ನನಗೆ ಮೊದಲು ಗೊತ್ತಾಗುತ್ತದೆ.

ಇದು ವಿಚಿತ್ರ ಕೆಲಸ ಕಣೋ. ಮೂವತ್ತೆರಡು ವರ್ಷ ಒಂದೇ ಶಾಲೆಯಲ್ಲಿ ಒಂದೇ ಕೋಣೆಗೆ ನಾನು ಯಜಮಾನಿಯಾಗಿದ್ದೆ. ಈಗ ದಿನಕ್ಕೊಂದು ಶಾಲೆಯಲ್ಲಿ ನೆಂಟಳು, ಅದೂ ಯಾರೂ ಕರೆಯದೆ ಬಂದ ನೆಂಟಳು. ಗೇಟಿನಲ್ಲಿ ಕಾವಲುಗಾರ ಯಾರು ನೀವು ಅನ್ನುತ್ತಾನೆ. ಟೀಚರ್‌ಗಳ ಕೋಣೆಯಲ್ಲಿ ನಾನು ಕೂತ ಕುರ್ಚಿ ಯಾವಾಗಲೂ ಬೇರೆ ಯಾರದೋ ಆಗಿರುತ್ತದೆ. ಶೌಚಾಲಯ ಎಲ್ಲಿದೆ ಎಂದು ತಿಳಿಯುವ ಹೊತ್ತಿಗೆ ಮನೆಗೆ ಹೋಗುವ ಗಂಟೆ ಹೊಡೆದಿರುತ್ತದೆ. ನನಗೆ ಹೆಸರೂ ಇಲ್ಲ, 'ಬದಲಿ ಟೀಚರ್ ಬಂದ್ರು' ಅಂತ ಮಕ್ಕಳು ಕುಣಿಯುತ್ತವೆ, ನಾನು ಬಂದದ್ದಕ್ಕಲ್ಲ, ಪರೀಕ್ಷೆ ತಪ್ಪಿತೆಂದು. ಒಮ್ಮೆ ಸಂಗೀತದ ಟೀಚರ್ ಬದಲಿಗೆ ಕಳಿಸಿದರು. ನನ್ನ ಹಾಡು ನಿನಗೆ ಗೊತ್ತಲ್ಲ, ಆ ಮಕ್ಕಳ ಪುಣ್ಯ, ಮಧ್ಯಾಹ್ನವೇ ಗಂಟಲು ಕೂತುಹೋಯಿತು. ಆದರೂ ಹೇಳುತ್ತೇನೆ, ಯಜಮಾನಿಯಾಗಿದ್ದಾಗ ಕಾಣದ ಎಷ್ಟೋ ಸಂಗತಿ ನೆಂಟಳಾದ ಮೇಲೆ ಕಾಣತೊಡಗಿತು.

ಇನ್ನು ನಿನ್ನೆಯ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಗುಮಾಸ್ತೆ ಹೇಳಿದ ಶಾಲೆ ಊರಿನ ಆ ತುದಿಯಲ್ಲಿತ್ತು, ಎರಡು ಬಸ್ ಹಿಡಿಯಬೇಕು. ಮಂಡಿ ನೆನೆದು ಇವತ್ತು ಆಗುವುದಿಲ್ಲ ಅನ್ನುವವಳಿದ್ದೆ. ಶಾಲೆಯ ಹೆಸರು ಕೇಳಿದ್ದೇ ನಿನ್ನ ಅಪ್ಪ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತರು. 'ಹೋಗು, ಹೋಗು, ಒಪ್ಕೊಂಡುಬಿಡು' ಅಂತ ಕೈಸನ್ನೆ. ಮದುವೆಯಾಗಿ ನಲವತ್ತು ವರ್ಷದಲ್ಲಿ ನನ್ನ ಚಪ್ಪಲಿ ಎಲ್ಲಿರುತ್ತದೆಂದು ತಿಳಿಯದ ಮನುಷ್ಯ ನಿನ್ನೆ ಅದನ್ನು ಒರೆಸಿ ಬಾಗಿಲ ಬಳಿ ಇಟ್ಟರು. ಬಸ್ ನಿಲ್ದಾಣದವರೆಗೂ ಚೀಲ ಹಿಡಿದು ಬಂದರು. ಬಸ್ಸು ಹತ್ತುವಾಗ, 'ಇವತ್ತೊಂದು ದಿನ ಮಕ್ಕಳನ್ನ ಗದರಬೇಡ ಕಣೇ' ಅಂದರು. ಇವರಿಗೆ ಏನಾಗಿದೆ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಅವರು ತಿಂಗಳಿಗೊಮ್ಮೆ ನಿನ್ನನ್ನು ನೋಡಿ ಬರುತ್ತಾರೆಂಬುದು ನನಗೆ ಗೊತ್ತಿತ್ತು. ಕನ್ನಡಕ ರಿಪೇರಿಗೆ ಎಂದು ಹೊರಡುತ್ತಾರೆ. ಯಾವ ಕನ್ನಡಕ ತಿಂಗಳಿಗೊಮ್ಮೆ ಮುರಿಯುತ್ತದೆ ಹೇಳು. ನಿನಗೆ ಮಗುವಾಗಿದೆ ಎಂಬುದೂ ತಿಳಿದಿತ್ತು. ಹೆಣ್ಣೋ ಗಂಡೋ ಎಂದು ನಾನಾಗಿ ಕೇಳಲಿಲ್ಲ, ಅವರಾಗಿ ಹೇಳಲಿಲ್ಲ. ಕೇಳಿದರೆ ನಾನು ಸೋತಂತೆ ಎಂದುಕೊಂಡಿದ್ದೆ. ಯಾರ ಎದುರು ಸೋಲುವುದು, ಯಾವ ಪಂದ್ಯ, ಅದನ್ನು ಮಾತ್ರ ಯೋಚಿಸಲಿಲ್ಲ.

ಮೂರನೇ ತರಗತಿ, ಮಹಡಿಯ ಮೇಲಿನ ಕೋಣೆ. ರಜೆ ಹಾಕಿದ ಟೀಚರ್ ಬದಲಿಯವರಿಗೆಂದು ಮೇಜಿನ ಮೇಲೆ ಒಂದು ಕಾಗದ ಇಟ್ಟಿದ್ದರು. ಎರಡನೇ ಕಿಟಕಿ ಮುಚ್ಚುವುದಿಲ್ಲ, ಎಳೆಯಬೇಡಿ. ಹಿಂದಿನ ಬೆಂಚಿನ ಅವಳಿಗಳನ್ನು ಒಟ್ಟಿಗೆ ಕೂರಿಸಬೇಡಿ. ಹೀಗೆ ಎಂಟು ಹತ್ತು ಮಾತು. ಕೊನೆಯಲ್ಲಿ ಒಂದು ಹುಡುಗಿಯ ಹೆಸರು ಬರೆದು, 'ಕಿಟಕಿ ಪಕ್ಕದ ಮೂರನೇ ಬೆಂಚು. ತಾನಾಗಿ ಕೈಯೆತ್ತದ ಹೊರತು ಗಟ್ಟಿಯಾಗಿ ಓದಿಸಬೇಡಿ. ಸಾಲಿನ ಮೇಲೆ ಇಟ್ಟುಕೊಳ್ಳಲು ಒಂದು ರಟ್ಟಿನ ಚೀಟಿ ಇದೆ, ಅದು ಅವಳ ಬಳಿಯೇ ಇರಲಿ. ಅಕ್ಷರಗಳು ಅವಳಿಗೆ ಒಂದರಂತೆ ಇನ್ನೊಂದು ಕಾಣುತ್ತವೆ. ಅವಳು ಸೋಮಾರಿ ಅಲ್ಲ' ಎಂದಿತ್ತು. ಓದಿದೆ, ಮಡಿಸಿ ಪಕ್ಕಕ್ಕಿಟ್ಟೆ. ಮೂವತ್ತೆರಡು ವರ್ಷ ಕಲಿಸಿದವಳಿಗೆ ಇದೇನು ಹೇಳಿಕೊಡುವುದು ಎಂಬ ಹಮ್ಮು, ಬೇರೇನಲ್ಲ.

ಆಮೇಲೆ ಹಾಜರಿ. ಆ ಶಾಲೆಯ ಹಾಜರಿ ಹಾಳೆಯಲ್ಲಿ ಮಗುವಿನ ಹೆಸರಿನ ಪಕ್ಕದಲ್ಲೇ ಪೋಷಕರ ಹೆಸರು, ಕೆಲಸ, ಫೋನ್ ನಂಬರ್ ಇರುತ್ತದೆ. ಹದಿನೇಳನೇ ಸಾಲಿಗೆ ಬಂದಾಗ ನಿನ್ನ ಹೆಸರು ಕಂಡಿತು. ಪಕ್ಕದಲ್ಲಿ ಲಿಫ್ಟ್ ಮೆಕ್ಯಾನಿಕ್ ಎಂದಿತ್ತು. ಹುಡುಗಿ ಆ ಕಾಗದದ ಕೊನೆಯಲ್ಲಿದ್ದವಳೇ. ಮಗಳಿಗೆ ನೀನು ಆರಿಸಿದ ಹೆಸರು ಚೆನ್ನಾಗಿದೆ ಗುಂಡಾ, ಕೂಗಿ ಕರೆಯುವುದಕ್ಕೆ ಒಳ್ಳೆಯ ಹೆಸರು. ಆದರೆ ನಿನ್ನೆ ನನ್ನ ಬಾಯಿಂದ ಅದು ಎರಡನೇ ಸಲಕ್ಕೆ ಹೊರಟಿತು. 'ಹಾಜರ್ ಟೀಚರ್' ಎಂದು ಕಿಟಕಿಯ ಪಕ್ಕದಿಂದ ಕೇಳಿಸಿತು. ಎರಡು ಜಡೆ, ಅಂಗಿಯ ಕಾಲರ್ ಬಾಯಲ್ಲಿ. ನಿನ್ನ ಕಾಲರ್‌ಗಳನ್ನು ನಾನು ಎಷ್ಟು ಸಲ ಬದಲಾಯಿಸಿ ಹೊಲಿದಿಲ್ಲ! ಕೈಯಲ್ಲಿದ್ದ ಪೆನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಕಿಟಕಿ ಎಳೆದೆ, ಆ ಮುಚ್ಚದ ಕಿಟಕಿಯನ್ನೇ.

ಎರಡನೇ ಗಂಟೆ ಓದುವ ಪಾಠ. ತಲೆ ನೆಟ್ಟಗಿರಲಿಲ್ಲ, ಹಳೇ ಅಭ್ಯಾಸವೇ ಕೆಲಸ ಮಾಡಿತು. ಬೆಂಚಿಗೊಬ್ಬರಂತೆ ಸಾಲಾಗಿ ಎದ್ದು ನಿಂತು ಓದಿ ಎಂದುಬಿಟ್ಟೆ. ನಾಲ್ಕೈದು ಮಕ್ಕಳು ಓದಿರಬೇಕು. ನಿನ್ನ ಮಗಳತ್ತ ನೋಡಿದೆ. ಅವಳು ಪುಸ್ತಕ ನೋಡುತ್ತಿರಲಿಲ್ಲ, ಮುಂದಿದ್ದ ತಲೆಗಳನ್ನು ಎಣಿಸುತ್ತಿದ್ದಳು. ತನ್ನ ಪಾಲಿಗೆ ಬರುವ ಸಾಲು ಯಾವುದೆಂದು ಲೆಕ್ಕ ಹಾಕಿ ಅದರ ಮೇಲೆ ಬೆರಳಿಟ್ಟು ತುಟಿ ಅಲ್ಲಾಡಿಸುತ್ತಿದ್ದಳು. ಕಿವಿ ಕೆಂಪಾಗಿತ್ತು. ಗುಂಡಾ, ನೀನು ನನ್ನ ತರಗತಿಯಲ್ಲಿ ಎರಡು ವರ್ಷ ಕೂತಿದ್ದೆ. ನೀನೂ ಹಾಗೆಯೇ ಎಣಿಸುತ್ತಿದ್ದೆ. ನಿನ್ನ ಸರದಿಗೆ ನಾನು ಬೇಕೆಂದೇ ಬೇರೆ ಸಾಲು ಓದಿಸುತ್ತಿದ್ದೆ. 'ಮರ' ಬರೆಯುವ ಕಡೆ 'ವರ' ಬರೆದೆ ಎಂದು ನಲವತ್ತು ಮಕ್ಕಳ ಎದುರು ಸೋಮಾರಿ ಅಂದೆ. ನನ್ನ ಮಗನೆಂದು ವಿನಾಯಿತಿ ತೋರಿಸಿದೆ ಅನ್ನಿಸಿಕೊಳ್ಳಬಾರದಲ್ಲ, ಅದಕ್ಕೆ ಉಳಿದವರಿಗಿಂತ ಒಂದು ಕೈ ಹೆಚ್ಚಾಗಿಯೇ ಅಂದೆ.

ಅವಳ ಸರದಿ ಬರುವ ಮೊದಲೇ ನಾನು ಎದ್ದು, ಉಳಿದದ್ದನ್ನು ನಾನೇ ಓದ್ತೀನಿ ಎಂದು ಪುಸ್ತಕ ಎತ್ತಿಕೊಂಡೆ. ಮುಂದಿನ ಬೆಂಚಿನ ಲೀಡರ್ ಹುಡುಗಿ ಬಿಡಬೇಕಲ್ಲ. 'ಟೀಚರ್, ಅವಳ ಸರದಿ ತಪ್ಪೋಯ್ತು! ಅವಳು ಯಾವಾಗ್ಲೂ ಓದಲ್ಲ, ಸೋಮಾರಿ' ಅಂದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನ ಮಗಳು ಎದ್ದು ನಿಂತಳು. ಅಳಲಿಲ್ಲ, ಕಿರುಚಲಿಲ್ಲ. 'ನಾನು ಸೋಮಾರಿ ಅಲ್ಲ. ನನ್ನ ಕಣ್ಣಿಗೆ ಅಕ್ಷರ ನಿಧಾನವಾಗಿ ಸಿಗುತ್ತೆ. ನಮ್ಮಪ್ಪಂಗೂ ಹಾಗೇ. ಆದ್ರೆ ನಮ್ಮಪ್ಪ ಹತ್ತು ಮಹಡಿ ಲಿಫ್ಟ್ ಕೆಟ್ರೂ ಸರಿ ಮಾಡ್ತಾರೆ' ಎಂದು ಹೇಳಿ ಕೂತಳು. ಯಾರೋ ಬಾಯಿಪಾಠ ಮಾಡಿಸಿದ ಮಾತಲ್ಲ ಅದು. ಮನೆಯಲ್ಲಿ ದಿನವೂ ಕೇಳಿ ಕೇಳಿ ಅವಳದೇ ಆಗಿದ್ದ ಮಾತು. ಅಷ್ಟು ಗಟ್ಟಿಯಾಗಿ ನಿಲ್ಲುವುದನ್ನು ನೀನು ಅವಳಿಗೆ ಕಲಿಸಿದ್ದೀಯ. ಟೀಚರ್ ಆಗಿ ಹೇಳುತ್ತೇನೆ, ನಾನು ಯಾರಿಗೂ ಅದನ್ನು ಕಲಿಸಿಲ್ಲ.

ಊಟದ ಹೊತ್ತಿಗೆ ಎಲ್ಲರೂ ಕೆಳಗೆ ಹೋದ ಮೇಲೆ ಅವಳು ಮೇಜಿನ ಬಳಿ ಬಂದಳು. ರಟ್ಟಿನ ಚೀಟಿ ತೋರಿಸಿದಳು, ನಡುವೆ ಒಂದೇ ಸಾಲು ಕಾಣುವಷ್ಟು ಕತ್ತರಿಸಿದ್ದು. ಅದನ್ನಿಟ್ಟುಕೊಂಡು ಎರಡು ಸಾಲು ನನಗೊಬ್ಬಳಿಗೇ ಓದಿದಳು, ನಿಧಾನವಾಗಿ, ಒಂದೂ ತಪ್ಪಿಲ್ಲದೆ. ಆಮೇಲೆ, 'ನಿಮಗೆ ಮಕ್ಕಳಿದ್ದಾರಾ ಟೀಚರ್?' ಅಂದಳು. ಒಬ್ಬ ಮಗ ಇದ್ದಾನೆ ಅಂದೆ. 'ಚೆನ್ನಾಗಿ ಓದ್ತಿದ್ರಾ?' ಅಂದಳು. ಅವನು ಕಷ್ಟಪಟ್ಟು ಓದುತ್ತಿದ್ದ, ನನಗೆ ಕಲಿಸಲು ಬರಲಿಲ್ಲ ಅಂದೆ. ಅವಳು ಸ್ವಲ್ಪ ಯೋಚಿಸಿ, 'ಪರವಾಗಿಲ್ಲ, ಈಗ ದೊಡ್ಡವರಾಗಿರ್ತಾರಲ್ಲ' ಎಂದು ನನಗೇ ಸಮಾಧಾನ ಹೇಳಿ ಊಟಕ್ಕೆ ಓಡಿದಳು.

ನಾನು ಯಾರೆಂದು ಹೇಳಲಿಲ್ಲ. ಆಣೆ ಮಾಡುತ್ತೇನೆ, ಒಂದು ಸುಳಿವೂ ಕೊಡಲಿಲ್ಲ. ಸಂಜೆ ಮಹಡಿಯ ಕಿಟಕಿಯಿಂದ ನೋಡಿದೆ. ನೀನು ಕೆಲಸದ ಬಟ್ಟೆಯಲ್ಲೇ ಬಂದಿದ್ದೆ. ಗೇಟಿನ ಬಳಿ ಕುಕ್ಕರಗಾಲಲ್ಲಿ ಕೂತು ಅವಳ ಬೂಟಿನ ದಾರ ಕಟ್ಟಿದೆ. ಅವಳು ನಿನ್ನ ತಲೆಯ ಮೇಲೆ ಕೈಯಿಟ್ಟುಕೊಂಡು ಏನೋ ಹೇಳುತ್ತಲೇ ಇದ್ದಳು. ನೆತ್ತಿಯಲ್ಲಿ ಕೂದಲು ತೆಳ್ಳಗಾಗಿದೆಯಪ್ಪ ನಿನಗೆ, ಥೇಟ್ ನಿನ್ನ ಅಪ್ಪನೇ. ಇಳಿದು ಬರಬೇಕೆನ್ನಿಸಿತು. ಮಂಡಿಯ ನೆವ ಹೇಳುವುದಿಲ್ಲ, ಧೈರ್ಯ ಬರಲಿಲ್ಲ. ನೀವಿಬ್ಬರೂ ತಿರುವು ದಾಟಿದ ಮೇಲೆ ಹೊರಟೆ. ಮನೆಗೆ ಬಂದು ನಿನ್ನ ಅಪ್ಪನಿಗೆ, ಕನ್ನಡಕ ಬಹಳ ಚೂಟಿಯಾಗಿದೆ, ಎರಡು ಜಡೆ ಹಾಕುತ್ತದೆ ಅಂದೆ. ಅವರು ನಗುವುದಕ್ಕೆ ಹೋಗಿ ಅತ್ತುಬಿಟ್ಟರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನೀನೂ ಅವರನ್ನು ಬೈಯಬೇಡ.

ನಿನ್ನ ಮದುವೆಯ ಮಾತಿಗೆ ಹುಡುಗಿಯ ಮನೆಯವರು ಬಂದು ಕೂತಿದ್ದಾಗ ನಾನು ಆಡಿದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. 'ಊರ ಮಕ್ಕಳೆಲ್ಲ ನನ್ನ ಹತ್ತಿರ ಓದು ಕಲಿತ್ರು, ಇವನೊಬ್ಬನ ತಲೆಗೆ ಹತ್ತಲಿಲ್ಲ, ಅದಕ್ಕೇ ಸ್ಪ್ಯಾನರ್ ಹಿಡಿದ' ಅಂದಿದ್ದೆ. ತಮಾಷೆಗೆ ಅಂದೆ ಎಂದು ಒಂಬತ್ತು ವರ್ಷ ನನಗೆ ನಾನೇ ಹೇಳಿಕೊಂಡೆ. ತಮಾಷೆ ಅಲ್ಲ. ನಾಚಿಕೆ ಪಟ್ಟುಕೊಂಡಿದ್ದೆ, ನಿನ್ನ ಬಗ್ಗೆ. ಈಗ ನನ್ನ ಬಗ್ಗೆ ಪಟ್ಟುಕೊಳ್ಳುತ್ತಿದ್ದೇನೆ. ನಿನ್ನದು ಸೋಮಾರಿತನ ಆಗಿರಲಿಲ್ಲ. ನೋಡಬೇಕಾದವಳು ನಾನು, ನೋಡಲಿಲ್ಲ. ತಪ್ಪಾಯಿತು ಮಗನೇ. ಈ ಕಾಗದದಲ್ಲಿ ಅಕ್ಷರ ಇಷ್ಟು ದಪ್ಪ, ಸಾಲುಗಳ ನಡುವೆ ಇಷ್ಟು ಜಾಗ ಬಿಟ್ಟು ಬರೆದಿರುವುದು ನನ್ನ ಕಣ್ಣು ಮಂದವಾಗಿ ಅಲ್ಲ. ನಿನ್ನ ಮಗಳ ಟೀಚರ್ ಬೋರ್ಡಿನ ಮೇಲೆ ಹೀಗೇ ಬರೆದಿದ್ದರು. ಒಂದೇ ಸಲಕ್ಕೆ ಓದಬೇಕೆಂದಿಲ್ಲ, ಎರಡು ಮೂರು ದಿನ ತೆಗೆದುಕೋ.

ಮೂವರೂ ಹೊತ್ತಿಗೆ ಸರಿಯಾಗಿ ಊಟ ಮಾಡಿ. ನೀನು ಎತ್ತರದಲ್ಲಿ ಕೆಲಸ ಮಾಡುವಾಗ ಹುಷಾರಾಗಿರು. ನಿನ್ನ ಹೆಂಡತಿಗೆ ನನ್ನ ನೆನಪು ತಿಳಿಸು, ಅವಳೂ ಆ ಮಾತು ಕೇಳಿಸಿಕೊಂಡವಳೇ, ಅವಳಲ್ಲಿಯೂ ಕ್ಷಮೆ ಕೇಳಿದೆನೆಂದು ಹೇಳು. ನಿಮ್ಮ ಮೂವರಿಗೂ ಒಳ್ಳೆಯದಾಗಲಿ.

ನಿನ್ನ
ಅಮ್ಮ

ಮರೆತೆ: ನಿನ್ನ ಅಪ್ಪ ಇದನ್ನು ಕೈಯಾರೆ ಕೊಡುತ್ತೇನೆಂದು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಎರಡು ಮೂರು ದಿನ ತೆಗೆದುಕೋ ಎಂದೆನಲ್ಲ, ಇದನ್ನು ಮಾತ್ರ ಇವತ್ತೇ ಓದು. ಗುಮಾಸ್ತೆ ಮಧ್ಯಾಹ್ನ ಮತ್ತೆ ಫೋನ್ ಮಾಡಿದ್ದಳು. ಆ ಟೀಚರ್‌ಗೆ ಸೋಮವಾರ ಆಪರೇಷನ್ ಅಂತೆ, ಆರು ವಾರ ಬರುವುದಿಲ್ಲ. ನಿನ್ನೆ ಬಂದವರನ್ನೇ ಕಳಿಸಿ ಎಂದು ಶಾಲೆಯವರು ಕೇಳಿದ್ದಾರೆ. ನಾಳೆ ಸಂಜೆಯೊಳಗೆ ಉತ್ತರ ಹೇಳಬೇಕು. ಮೂರು ವರ್ಷದಲ್ಲಿ ಮೊದಲ ಸಲ, ಮನೆಯಲ್ಲಿ ಕೇಳಿ ಹೇಳ್ತೀನಿ ಅಂದೆ. ನನಗೆ ಆಸೆಯಿದೆ, ಮುಚ್ಚಿಡುವುದಿಲ್ಲ. ಆದರೆ ಮಗು ನಿನ್ನದು. ನೀನು ಬೇಡ ಅಂದರೆ ಬೇರೆ ಶಾಲೆಗೆ ಹೋಗುತ್ತೇನೆ, ಇನ್ನೊಂದು ಮಾತು ಕೇಳುವುದಿಲ್ಲ. ಆಗಲಿ ಅನ್ನುವುದಾದರೆ, ಸೋಮವಾರಕ್ಕೆ ಮೊದಲೇ ನಾನು ಯಾರೆಂದು ಅವಳಿಗೆ ನೀನೇ ಹೇಳಿರಬೇಕು. ಅದು ಬದಲಿ ಟೀಚರ್ ಹೇಳುವ ಮಾತಲ್ಲ.