ನಲವತ್ತೆರಡನೆಯ ಪುಟ

ಅಪ್ಪ,

ಇವತ್ತು ನೀನು ಕೆಲಸ ಮಾಡಿದ ಕಾಲೇಜಿನ ಲೈಬ್ರರಿಯನ್ ನಮ್ಮ ಬೈಂಡಿಂಗ್ ಅಂಗಡಿಗೆ ಬಂದಿದ್ದರು. ಕೈಯಲ್ಲಿ ಅರವತ್ತು ವರ್ಷ ಹಳೆಯ ವಾರ್ಷಿಕ ಸಂಚಿಕೆ. ಮುಂದೆ ನ್ಯಾಯಾಧೀಶರು, ಮಂತ್ರಿ, ಹೆಸರಾಂತ ಸರ್ಜನ್ ಆದವರೆಲ್ಲ ಅದರ ಒಂದು ಫೋಟೋದಲ್ಲಿ ಚಿಗುರು ಮೀಸೆ ಹೊತ್ತು ನಿಂತಿದ್ದಾರೆ.

"ಇದೊಂದು ಹಾಳೆ ರಟ್ಟಿಗೆ ಅಂಟಿಸಿಕೊಡಮ್ಮ, ಸಭಾಂಗಣದಲ್ಲಿ ಹಾಕ್ಬೇಕು. ಮಿಕ್ಕಿದ್ದು ಗುಜರಿಗೆ ಹಾಕಿಬಿಡು," ಅಂದರು.

ಹಾಳೆಯ ಹಿಂಬದಿ ನೋಡದೆ ಗೋಂದು ಹಚ್ಚುವವಳಲ್ಲ ನಾನು. ಆದರೆ ಅವರು ಎದುರಿಗೇ ಕೂತು ಗಡಿಯಾರ ನೋಡುತ್ತಿದ್ದರು. ಅಂಟಿಸಿ, ಮೇಲೆ ಭಾರ ಹೇರಿ, ಒಣಗುವ ತನಕ ಸುಮ್ಮನೆ ಪರಿವಿಡಿ ತಿರುವಿದೆ. ಪುಟ ನಲವತ್ತೊಂದು: ಚರ್ಚಾಕೂಟದ ವಿಜೇತರು, ಅಂದರೆ ನಾನು ಅಂಟಿಸಿದ ಫೋಟೋ. ಅದೇ ಹಾಳೆಯ ಬೆನ್ನಿಗೆ, ಪುಟ ನಲವತ್ತೆರಡು: ಪ್ರಯೋಗಾಲಯದ ಸಿಬ್ಬಂದಿ.

"ಕಾಲೇಜ್ ಪುಸ್ತಕದಲ್ಲಿ ನನ್ನ ಫೋಟೋನೂ ಹಾಕಿದ್ರು ಕಣೇ," ಎಂದು ನೀನು ಅಂದಾಗಲೆಲ್ಲ ನಾನು ನಗುತ್ತಿದ್ದೆ. "ಸೀಸೆ ತೊಳೆಯೋರ ಫೋಟೋ ಯಾರು ಹಾಕ್ತಾರಪ್ಪ?"

ಮನೆಯಲ್ಲಿ ನಿನ್ನದೊಂದು ಫೋಟೋನೂ ಇಲ್ಲ.

ಸಂಚಿಕೆಯಲ್ಲೇ ಉಳಿದ ಎದುರು ಪುಟಕ್ಕೆ ಆ ಸಿಬ್ಬಂದಿ ಫೋಟೋದ ಮಸಿ ಕಂದು ನೆರಳಾಗಿ ಇಳಿದಿದೆ. ಆರು ತಲೆಗಳಿವೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಯಾವುದು ನಿನ್ನದೋ ತಿಳಿಯಲಿಲ್ಲ. ಆ ಹಾಳೆಯನ್ನು ಗುಜರಿಗೆ ಹಾಕದೆ ಇಟ್ಟುಕೊಂಡಿದ್ದೇನೆ.

ಹೊರಡುವಾಗ ಲೈಬ್ರರಿಯನ್ ಅಂಚನ್ನು ಉಗುರಿನಿಂದ ಕೆದಕಿ ನೋಡಿದರು.

"ಕಿತ್ತು ಬರಲ್ಲ ತಾನೆ?"

"ಇಲ್ಲ ಸಾರ್," ಅಂದೆ. "ಏನ್ ಮಾಡಿದ್ರೂ ಬರಲ್ಲ."