ನಂದಾ ಅಂತ ಕರೆದಾಕಿ

ಅಕ್ಕಲಕೋಟ, ೧೪ ಜೂನ್ ೨೦೨೫, ಶನಿವಾರ

ಸುಳ್ಳು ಹೇಳಿ ಬಂದೀನಿ, ನಿದ್ದಿ ಹತ್ತವಲ್ದು.

ಸೂಟಿ ಇತ್ತಂತ ಒಬ್ಬಾಕೇ ಬಸ್ ಹತ್ತಿ ಭೀಮಾ ನದಿ ದಂಡಿಯ ಒಂದು ಸಣ್ಣ ಊರು ನೋಡಾಕ ಹೋಗಿದ್ದೆ. ಘಾಟಿನ ಮೆಟ್ಟಲ ಮ್ಯಾಲೆ ಕುಂತಿದ್ದ ಮುದುಕಿ ನನ್ನ ಕೈ ಹಿಡಿದಳು. "ನಂದಾ, ಎಷ್ಟು ದಿನಕ್ಕ ಬಂದಿ ತಂಗಿ?" ನಾ ನಂದಾ ಅಲ್ಲ, ದ್ವಾರಕಾ ಅನ್ನೂದರಾಗ ಮನಿಗೆ ಕರಕೊಂಡು ಹೋಗಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಬಡಿಸಿದಳು. ಸೊಸಿ ಮನೀಷಾ ಮೆಲ್ಲಗ ಅಂದಳು, "ಅತ್ತಿ ತಂಗಿ ಹೊಳ್ಯಾಗ ಮುಳುಗಿ ಹೋಗಿ ಇಪ್ಪತ್ತು ವರ್ಷ ಆತ್ರಿ. ಏನೂ ಅನಬ್ಯಾಡ್ರಿ."

ಉಂಡೆ. ಅಕ್ಕಾ ಅಂತ ಕರೆದೆ. ನನ್ನ ಹಾದಿ ಹಂಗ ಯಾರೂ ಕಾದಿಲ್ಲ.

ಮುದುಕಿ ಸೊಸಿ ಜೋಡಿ ಬಸ್ಸಿನ ತನಕ ಬಂದು ಕೇಳಿದಳು, "ಮತ್ತ ಯಾವಾಗ ಬರ್ತಿ?"

"ಪಂಚಮಿಗೆ ಬರ್ತೀನಿ ಅಕ್ಕಾ."

ಮನೀಷಾ ಮುಖ ತಿರುವಿದಳು. ಇನ್ನ ಮುದುಕಿ ದಿನಾ ಬಸ್ ನೋಡ್ತಾಳ. ಹೋದರ ಮತ್ತ ಸುಳ್ಳು. ಹೋಗದಿದ್ದರ ಆಕಿ ಎರಡನೇ ಸಲ ತಂಗಿನ್ನ ಕಳಕೋತಾಳ.